ಇಂಗ್ಲಿಷ್ ವ್ಯಾಕರಣ ಮತ್ತು ಗದ್ಯಗ್ರಹಿಕೆ (ಕನ್ನಡ ಮಾಧ್ಯಮದ ಕಲಿಕೆ)

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ದ್ವಿತೀಯ ಭಾಷೆಯಾಗಿ ಅಭ್ಯಸಿಸುವ ಇಂಗ್ಲಿಷಿನಲ್ಲಿ ವ್ಯಾಕರಣ ಮತ್ತು ಗದ್ಯಗ್ರಹಿಕೆ ಎರಡು ಮುಖ್ಯ ಅಂಗಗಳು. ಕೊಟ್ಟ ಗದ್ಯಭಾಗವನ್ನು ಓದಿ, ಅರ್ಥಮಾಡಿಕೊಂಡು, ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುವುದೇ ಗದ್ಯಗ್ರಹಿಕೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ತರಗತಿಯ ಹೊರಗೆ ಇಂಗ್ಲಿಷ್ ಕಿವಿಗೆ ಬೀಳುವುದು ಕಡಿಮೆ. ಆದುದರಿಂದ ಶಿಕ್ಷಕರೂ ಮನೆಯ ಹಿರಿಯರೂ ನೀಡುವ ನೆರವಿನ ಬಗೆ ಇಲ್ಲಿ ಹೆಚ್ಚು ಮಹತ್ವದ್ದಾಗಿದೆ.

ಹಿನ್ನೆಲೆ

1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಶಿಫಾರಸು ಮಾಡಿದ್ದು ಅವರದೇ ಅಧ್ಯಕ್ಷತೆಯ ಸಮಿತಿ. ಇಂಗ್ಲಿಷನ್ನೇ ವೃತ್ತಿಯಾಗಿಸಿಕೊಂಡವರ ಈ ನಿಲುವನ್ನು ವಿರೋಧಾಭಾಸವೆಂದು ಬಗೆಯಬೇಕಾಗಿಲ್ಲ. ತಾಯ್ನುಡಿಯಲ್ಲಿ ಬೇರೂರಿದವನಿಗೆ ಎರಡನೆಯ ಭಾಷೆಯ ವ್ಯಾಕರಣವನ್ನು ಹೋಲಿಸಿ ನೋಡಲು ಒಂದು ಅಳತೆಗೋಲು ದೊರೆತಿರುತ್ತದೆ. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು.

ವ್ಯಾಕರಣದ ತೊಡಕುಗಳು

ಕನ್ನಡದ ಮಕ್ಕಳು ಮಾಡುವ ತಪ್ಪುಗಳಲ್ಲಿ ಹಲವು ಅಜ್ಞಾನದಿಂದಲ್ಲ, ಕನ್ನಡದ ವ್ಯಾಕರಣವನ್ನು ಚೆನ್ನಾಗಿ ಬಲ್ಲುದರಿಂದ ಹುಟ್ಟುತ್ತವೆ. ಪ್ರಿಪೊಸಿಷನ್ನುಗಳನ್ನೇ ನೋಡಬಹುದು. ಚೀಲದಲ್ಲಿ, ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ ಎಂಬ ಮೂರಕ್ಕೂ ಕನ್ನಡದಲ್ಲಿ ಸಪ್ತಮಿ ವಿಭಕ್ತಿಯೊಂದೇ ಸಾಕು; ಇಂಗ್ಲಿಷಿನಲ್ಲಿ ಇವು 'ಇನ್ ದ ಬ್ಯಾಗ್', 'ಆನ್ ದ ಬಸ್', 'ಅಟ್ ದ ಬಸ್ ಸ್ಟ್ಯಾಂಡ್' ಎಂದು ಮೂರಾಗುತ್ತವೆ. ಚತುರ್ಥಿಯದೂ ಇದೇ ಕಥೆ. ಹಾನಗಲ್ಲಿಗೆ ಹೋಗುವುದಕ್ಕೆ 'ಟು' ಬೇಕು, ಮನೆಗೆ ಹೋಗುವುದಕ್ಕೆ ಬೇಡ: 'ಹಿ ವೆಂಟ್ ಹೋಮ್'.

ಕನ್ನಡವೇ ನೆರವಿಗೆ ಬರುವ ಸ್ಥಳಗಳೂ ಇವೆ. 'ಷಿ ರೀಡ್ಸ್' ಎಂಬಲ್ಲಿನ 'ಎಸ್' ಮಕ್ಕಳಿಗೆ ಅನಗತ್ಯ ಬಾಲದಂತೆ ಕಾಣುತ್ತದೆ. ಓದುತ್ತೇನೆ, ಓದುತ್ತೀಯೆ, ಓದುತ್ತಾಳೆ, ಓದುತ್ತಾರೆ ಎಂದು ನಾವು ಪ್ರತಿ ಪುರುಷಕ್ಕೂ ಕ್ರಿಯಾಪದದ ಕೊನೆಯನ್ನು ಬದಲಿಸುತ್ತೇವೆ. ವರ್ತಮಾನದಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ಪ್ರಥಮ ಪುರುಷ ಏಕವಚನಕ್ಕೆ ಮಾತ್ರ ಬದಲಿಸುತ್ತದೆ ಎಂದು ತೋರಿಸಿದರೆ ಭಾರ ಇಳಿಯುತ್ತದೆ. ಇಂಗ್ಲಿಷರ 'ಥರ್ಡ್ ಪರ್ಸನ್' ನಮ್ಮ ಪ್ರಥಮ ಪುರುಷ ಎಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡಬೇಕು.

ಆರ್ಟಿಕಲ್ಲುಗಳಲ್ಲಿ ಉಚ್ಚಾರಣೆಯ ತೊಡಕೂ ಸೇರುತ್ತದೆ. 'ಎಗ್' ಪದವನ್ನು ಹಲವರು 'ಯೆಗ್' ಎನ್ನುವುದರಿಂದ ಅಲ್ಲಿ 'ಆನ್' ಏಕೆಂದು ಕಿವಿಗೆ ತಿಳಿಯುವುದಿಲ್ಲ. ನಿಯಮವಿರುವುದು ಅಕ್ಷರಕ್ಕಲ್ಲ, ಧ್ವನಿಗೆ: 'ಆನ್ ಅವರ್', ಆದರೆ 'ಎ ಯೂನಿವರ್ಸಿಟಿ'.

ಗದ್ಯಗ್ರಹಿಕೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದ್ವಿತೀಯ ಭಾಷೆಗೆ 80 ಅಂಕಗಳ ಲಿಖಿತ ಪತ್ರಿಕೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇವೆ. ಪಾಠದ ಪ್ರಶ್ನೋತ್ತರಗಳನ್ನು ಗೈಡಿನಿಂದ ಬಾಯಿಪಾಠ ಮಾಡಿ ಒಪ್ಪಿಸಬಹುದು. ಮೊದಲು ಓದಿರದ ಗದ್ಯಭಾಗದ ಮುಂದೆ ಬಾಯಿಪಾಠ ನಿಲ್ಲದು.

ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರ ನೇರವಾಗಿ ವಾಕ್ಯದಲ್ಲೇ ಇರುತ್ತದೆ. ಕೆಲವನ್ನು ಊಹಿಸಬೇಕಾಗುತ್ತದೆ. 'ರೈತನು ಆಕಾಶವನ್ನು ದಿಟ್ಟಿಸಿದನು. ಬಿತ್ತಲು ತಂದ ಬೀಜವನ್ನು ಮತ್ತೆ ಚೀಲಕ್ಕೆ ತುಂಬಿದನು' ಎಂಬರ್ಥದ ಗದ್ಯದ ಕೆಳಗೆ 'ಆತನು ಏಕೆ ಬಿತ್ತಲಿಲ್ಲ?' ಎಂದು ಕೇಳಿದರೆ, ಮಳೆ ಎಂಬ ಪದ ಅಲ್ಲೆಲ್ಲೂ ಇಲ್ಲ. ಒಕ್ಕಲು ಮನೆತನದ ಮಗುವಿಗೆ ಉತ್ತರ ಗೊತ್ತು. ಅದು ಪುಟದಲ್ಲಿ ಪದವನ್ನು ಹುಡುಕುತ್ತ ಕುಳಿತಿರುತ್ತದೆ. ಇಂಥಲ್ಲಿ ಮೊದಲು ಕನ್ನಡದಲ್ಲೇ ಉತ್ತರ ಹೇಳಿಸಿ, ಅನಂತರ ಇಂಗ್ಲಿಷಿಗೆ ತರಿಸುವುದು ಫಲಕಾರಿ. ಕನ್ನಡ ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ.

'ಹಿ', 'ಇಟ್', 'ದೆ' ಮುಂತಾದ ಸರ್ವನಾಮಗಳು ಯಾರನ್ನು ಸೂಚಿಸುತ್ತವೆ ಎಂದು ಪೆನ್ಸಿಲಿನಿಂದ ಗೆರೆ ಎಳೆಸುವುದೂ ಉಪಯುಕ್ತ. ಕನ್ನಡದಲ್ಲಿ ಎತ್ತಿಗೂ ಕಲ್ಲಿಗೂ 'ಅದು' ಸಲ್ಲುತ್ತದೆ. 'ದೆ' ಎಂಬುದು ಅವರು, ಅವು ಎರಡೂ ಆಗುತ್ತದೆ.

ನೆರವಿನ ಕ್ರಮ

ವಿದ್ಯಾರ್ಥಿ ಪ್ರಶ್ನೆ ತಂದಾಗ ಉತ್ತರ ಬರೆದುಕೊಡುವುದು ಸುಲಭ. ಹಾಗೆ ಬರೆದುಕೊಟ್ಟದ್ದು ನಾಳಿನ ಹೊಸ ಗದ್ಯಕ್ಕೆ ಒದಗುವುದಿಲ್ಲ. ಉತ್ತರವಿರುವ ಸಾಲನ್ನು ಅವನೇ ತೋರಿಸುವಂತೆ ಕೇಳಬೇಕು. ಬಳಿಕ ಪ್ರಶ್ನೆಯ ಕ್ರಿಯಾಪದವನ್ನು ಗಮನಿಸಲು ಹೇಳಬೇಕು. 'ವೈ ಡಿಡ್ ಹಿ ಗೋ?' ಎಂಬುದಕ್ಕೆ 'ಹಿ ಡಿಡ್ ವೆಂಟ್' ಎಂದು ಬರೆಯುವವರು ಅನೇಕ. ಪ್ರಶ್ನೆಯಲ್ಲಿ 'ಡಿಡ್' ಹೊತ್ತಿದ್ದ ಭೂತಕಾಲ ಸಾಮಾನ್ಯ ಉತ್ತರದಲ್ಲಿ 'ವೆಂಟ್' ಎಂಬುದರೊಳಗೇ ಸೇರಿಕೊಳ್ಳುತ್ತದೆ, ಆಗ 'ಡಿಡ್' ಬೇಡ. ನಿಷೇಧಾರ್ಥದ ಪ್ರಶ್ನೆಗಳಲ್ಲಿ ಇನ್ನೂ ಎಚ್ಚರ ಬೇಕು. 'ನೀನು ಹೋಗಲಿಲ್ಲವೇ?' ಎಂದರೆ ನಾವು 'ಹೌದು, ಹೋಗಲಿಲ್ಲ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದೇ ಉತ್ತರ 'ನೋ, ಐ ಡಿಡಂಟ್' ಎಂದಾಗುತ್ತದೆ.