ಕಟ್ಟಿನ ನಡುವಿನ ಎಲೆ

1932ರಲ್ಲಿ ಅಮೆರಿಕದ ವಿಚಿಟಾ ಊರಿನ ಜೈಲಿನಲ್ಲಿದ್ದ ಮೆಕ್ಸಿಕೋದ ಜೂಜುಕೋರನೊಬ್ಬ ಜಾದೂಗಾರ ಡೈ ವರ್ನನ್‌ಗೆ ಒಂದು ಸುದ್ದಿ ಹೇಳಿದ: ಕಾನ್ಸಾಸ್ ಸಿಟಿಯ ಕಡೆಯ ಒಬ್ಬ ಆಟಗಾರ ಇಸ್ಪೀಟು ಕಟ್ಟಿನ ನಡುವಿನಿಂದಲೇ ಎಲೆ ಹಂಚುತ್ತಾನೆ. ಆಗ ಜನರ ನೆರಳುಚಿತ್ರ ಕತ್ತರಿಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ವರ್ನನ್ ಆ ಕೈಯನ್ನು ಹುಡುಕುತ್ತ ಹೊರಟು, ಕೊನೆಗೆ ಮಿಸೌರಿಯ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಅಲೆನ್ ಕೆನಡಿಯನ್ನು ಕಂಡರು. ಜಾದೂ ಬಲ್ಲವರು ಇದನ್ನು ಗುಟ್ಟಿನ ಬೇಟೆಯ ಕಥೆಯಾಗಿ ಹೇಳುವುದೇ ಹೆಚ್ಚು. ಆದರೆ ಜೂಜಿನ ಮೇಜಿನಿಂದ ಜಾದೂಗೆ ಬಂದ ದೊಡ್ಡ ಆಸ್ತಿ ಯಾವುದೋ ಒಂದು ಕೈಚಳಕವಲ್ಲ. ಕೈಚಳಕ ಹೇಗಿರಬೇಕು ಎಂಬುದರ ಅಳತೆಯೇ ಅಲ್ಲಿಂದ ಬಂತು. ಇಪ್ಪತ್ತನೇ ಶತಮಾನದ ಇಸ್ಪೀಟು ಜಾದೂ ತನ್ನ ಶೀಲವೆಂದು ಸಾರಿದ ಸಹಜತೆ ಮೋಸಗಾರರ ಅಂಜಿಕೆಯಿಂದ ಹುಟ್ಟಿದ್ದು.

ಕೆನಡಿ ಬಿಡಿಸಿದ ಒಗಟು ಏನೆಂದು ನೋಡಿದರೆ ಇದು ತಿಳಿಯುತ್ತದೆ. ಮೋಸಗಾರ ಬೇಕಾದ ಎಲೆಗಳನ್ನು ಕಟ್ಟಿನ ತಳದಲ್ಲಿ ಸೇರಿಸಿಟ್ಟು, ಹಂಚುವಾಗ ಅಲ್ಲಿಂದ ಎಳೆದುಕೊಳ್ಳುತ್ತಾನೆ. ಎದುರಾಳಿಯ ರಕ್ಷಣೆ ಒಂದೇ: ಕಲಸಿದ ಮೇಲೆ ಕಟ್ಟನ್ನು ಎರಡಾಗಿಸಿ, ಕೆಳಗಿನ ಭಾಗವನ್ನು ಮೇಲಿಡುವುದು. ಆಗ ತಳದ ಎಲೆಗಳು ನಡುವಿಗೆ ಹೋಗುತ್ತವೆ. ಅವನ್ನು ಮತ್ತೆ ತಳಕ್ಕೆ ತರಬೇಕಾದರೆ ಎರಡು ಭಾಗಗಳನ್ನು ಕದ್ದು ಅದಲುಬದಲು ಮಾಡಬೇಕು. ಹಣ ಕಟ್ಟಿ ಕುಳಿತವರು ಕೈಯನ್ನೇ ನೋಡುತ್ತಿರುವಾಗ ಆ ಅಲುಗಾಟ ಪ್ರಾಣಕ್ಕೇ ಕುತ್ತು. 1902ರಲ್ಲಿ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಗುಪ್ತನಾಮದಲ್ಲಿ ಹೊರಬಂದ ಇಸ್ಪೀಟು ಮೇಜಿನ ಪ್ರಸಿದ್ಧ ಪುಸ್ತಕವೂ, ಆಟದ ಮಾಮೂಲಿ ಚಲನೆಯಲ್ಲಿ ಕರಗಿಹೋಗುವಂಥ ಅದಲುಬದಲು ಇನ್ನೂ ಹುಟ್ಟಿಲ್ಲವೆಂದು ಒಪ್ಪಿಕೊಂಡಿತ್ತು. ಕೆನಡಿ ಎಲೆಗಳನ್ನು ವಾಪಸು ತರುವ ಗೋಜಿಗೇ ಹೋಗಲಿಲ್ಲ. ಅವು ಇದ್ದಲ್ಲೇ ಇರಲಿ ಎಂದು ಬಿಟ್ಟು, ಮೇಲಿನ ಎಲೆ ಕೊಡುತ್ತಿರುವಂತೆಯೇ ಕಾಣಿಸುತ್ತ ನಡುವಿನ ಎಲೆಯನ್ನು ಹೊರಗೆ ತಳ್ಳುವುದನ್ನು ಸಾಧಿಸಿಕೊಂಡ. ಇಂಥ ಕಷ್ಟವನ್ನು ಯಾರೂ ಮೆರೆಯಲೆಂದು ಕಟ್ಟಿಕೊಳ್ಳುವುದಿಲ್ಲ. ಎದುರಾಳಿಯ ಎಚ್ಚರಕ್ಕೆ ಬೇರೆ ಉತ್ತರವಿಲ್ಲದೆ ಹೋದಾಗ ಅದು ಹುಟ್ಟುತ್ತದೆ.

ಅದೇ ಕಾಲದ ರಂಗದ ಜಾದೂ ಬೇರೆ ದಾರಿಯಲ್ಲಿತ್ತು. ಹೊವಾರ್ಡ್ ಥರ್ಸ್ಟನ್, ಹೂಡಿನಿ ಇಬ್ಬರೂ ಒಂದು ಹಂತದಲ್ಲಿ ತಮ್ಮನ್ನು ಇಸ್ಪೀಟಿನ ರಾಜರೆಂದು ಸಾರಿಕೊಂಡವರು. ಬೆರಳ ತುದಿಯಲ್ಲಿ ಎಲೆಗಳು ಮೂಡಿ ಮಾಯವಾಗುವುದೇ ಅಲ್ಲಿನ ಸೊಗಸು. ಜಾಣ್ಮೆ ಕಾಣಿಸಿದಷ್ಟೂ ಚಪ್ಪಾಳೆ. ಜೂಜಿನ ಮೇಜಿನಲ್ಲಿ ಹೀಗೆ ಮಾಡಿದವನು ಅಂದೇ ಕೆಟ್ಟ. ಅರ್ಡ್‌ನೇಸ್ ಮತ್ತೆ ಮತ್ತೆ ಒತ್ತಿ ಹೇಳಿದ್ದು ಇದನ್ನೇ: ಪ್ರಾಮಾಣಿಕವಾಗಿ ಹಂಚುವಾಗ ಕೈ ಹೇಗಿರುತ್ತದೋ ಕದಿಯುವಾಗಲೂ ಹಾಗೆಯೇ ಇರಬೇಕು, ಜಂಬಪಟ್ಟವನಿಗೆ ಉಳಿಗಾಲವಿಲ್ಲ. ಆ ಪುಸ್ತಕದ ಮೊದಲ ಭಾಗ ಜೂಜಿನ ಮೇಜಿಗೆ, ಎರಡನೆಯದು ಜಾದೂಗೆ. ಅದನ್ನು ಎಳೆಯ ವಯಸ್ಸಿನಲ್ಲೇ ಅರೆದು ಕುಡಿದ ವರ್ನನ್ ಮೊದಲ ಭಾಗದ ನಿಯಮವನ್ನು ಎರಡನೆಯದಕ್ಕೆ ಅನ್ವಯಿಸಿದರು. ಸಹಜವಾಗಿರಿ ಎಂಬುದು 1992ರಲ್ಲಿ ತೀರಿಕೊಳ್ಳುವವರೆಗೂ ಅವರು ಶಿಷ್ಯರಿಗೆ ಹೇಳಿದ ಪಾಠ.

ಸಹಜತೆಯನ್ನು ರಂಗದವರೇ ಮೊದಲು ಕೇಳಿರಲಿಲ್ಲವೆ, ಜಾದೂಗಾರನೆಂದರೆ ನಟ ಎಂದ ಫ್ರಾನ್ಸಿನ ರಾಬರ್ಟ್ ಹೂಡಿನ್ ವರ್ನನ್‌ಗಿಂತ ಹಿಂದಿನವನಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ 1861ರಲ್ಲಿ ಇಸ್ಪೀಟು ಮೋಸಗಾರರ ತಂತ್ರಗಳ ಮೇಲೆ ಇಡೀ ಪುಸ್ತಕ ಬರೆದವನೂ ಅದೇ ರಾಬರ್ಟ್ ಹೂಡಿನ್. ಆ ಮೇಜಿನ ಕಡೆ ಅವನ ಕಣ್ಣೂ ಹೊರಳಿತ್ತು ಎಂಬುದು ನನ್ನ ವಾದಕ್ಕೇ ಬಲ ಕೊಡುತ್ತದೆ. ಇನ್ನು, ಕೆನಡಿಯ ಕಥೆ ಒಬ್ಬ ಜಾದೂಗಾರ ಹೇಳಿದ್ದು, ಜಾದೂಗಾರರ ಮಾತು ನಂಬಬಹುದೇ ಎಂಬ ಸಂಶಯವೂ ನ್ಯಾಯವೇ. ಕಾರ್ಲ್ ಜಾನ್ಸನ್ ಪ್ಲೆಸೆಂಟ್ ಹಿಲ್‌ನಲ್ಲಿ ಕೆನಡಿಯ ಬದುಕಿನ ಜಾಡು ಹಿಡಿದು 2005ರಲ್ಲಿ ತಂದ ಪುಸ್ತಕ ಅದನ್ನು ಬಹುಮಟ್ಟಿಗೆ ನೀಗಿಸಿತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ. ನೋಡುಗನಿಗೆ ಬೇಕಾದ ಬೆರಗನ್ನು ಎಷ್ಟೋ ಸುಲಭ ದಾರಿಯಲ್ಲಿ ಕೊಡಬಹುದಾದರೆ, ಯಾರಿಗೂ ಕಾಣದ ಈ ವಿದ್ಯೆಗೆ ವರ್ಷಗಳನ್ನು ಸುರಿಯುವುದು ಏಕೆ? ಪ್ರದರ್ಶನದ ಲೆಕ್ಕದಲ್ಲಿ ನಷ್ಟವೇ ಹೆಚ್ಚು, ಒಪ್ಪಬೇಕು. ಆದರೆ ಈ ಅಭ್ಯಾಸ ಮೊದಲು ಕಲಿಸುವುದು ಮೋಸದ ಚಲನೆಯನ್ನಲ್ಲ. ಸುಮ್ಮನೆ ಎಲೆ ಹಂಚುವಾಗ ಹೆಬ್ಬೆರಳು ಎಷ್ಟು ತಳ್ಳುತ್ತದೆ, ಲಯ ಹೇಗಿದೆ, ಸದ್ದು ಎಂಥದ್ದು ಎಂದು ತನ್ನ ಕೈಯನ್ನೇ ಮೊದಲು ಅರಿಯಬೇಕು. ಸುಳ್ಳು ಅದರೊಳಗೆ ಸೇರಿಕೊಳ್ಳುವುದು ಆಮೇಲೆ. ಆ ಅರಿವು ಬಂದವನು ಸುಲಭದ ಕೈಚಳಕವನ್ನೂ ಬೇರೆ ಮಟ್ಟದಲ್ಲಿ ಮಾಡುತ್ತಾನೆ. ಕಣ್ಣಿನ ದೃಷ್ಟಿ ಕಳೆದುಕೊಂಡ ರಿಚರ್ಡ್ ಟರ್ನರ್ ವರ್ನನ್ ಅವರ ಬಳಿ ಕಲಿತು, ಕನ್ನಡಿಯ ನೆರವಿಲ್ಲದೆ ಸ್ಪರ್ಶದಿಂದಲೇ ಇಸ್ಪೀಟು ಮೇಜಿನ ತಂತ್ರಗಳಲ್ಲಿ ಜಗತ್ತಿನ ಅಗ್ರಪಂಕ್ತಿಗೆ ಬಂದದ್ದು ಇದಕ್ಕೆ ಸಾಕ್ಷಿ. ಮೋಸಗಾರನಿಗೆ ಈ ಶಿಸ್ತನ್ನು ಕಲಿಸಿದ್ದು ಸಿಕ್ಕಿಬೀಳುವ ಭಯ. ಆ ಭಯವಿಲ್ಲದ ಜಾದೂಗಾರ ಅದನ್ನು ತಾನಾಗಿ ಹೊತ್ತುಕೊಂಡದ್ದರಿಂದಲೇ ಒಂದು ವಂಚನೆಯ ಕಸುಬು ಕಲೆಯ ಅಳತೆಗೋಲಾಯಿತು.