ಜನ ಹೆಚ್ಚಿದ್ದು ಹೆತ್ತಿದ್ದಕ್ಕಲ್ಲ, ಬದುಕಿದ್ದಕ್ಕೆ

ಭಾರತದ ಜನಸಂಖ್ಯೆ ಒಮ್ಮೆ ಇಳಿದಿತ್ತು ಅಂದ್ರೆ ನಂಬ್ತೀರಾ? ಇಂದಿನ ಗಡಿಯ ಲೆಕ್ಕದಲ್ಲಿ 1911ರಲ್ಲಿ ಸುಮಾರು 25.2 ಕೋಟಿ ಇದ್ದದ್ದು 1921ಕ್ಕೆ 25.1 ಕೋಟಿ ಆಯಿತು. ಹೆರಿಗೆಗಳೇನೂ ನಿಂತಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಒಂದೇ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಅಲ್ಲಿಂದಾಚೆಗೆ ಪ್ರತಿ ಗಣತಿಯಲ್ಲೂ ಏರಿಕೆಯೇ.

ಯಾಕೆ? ‘ನಮ್ಮ ಜನ ಮಕ್ಕಳನ್ನ ಹೆರ್ತಾನೇ ಇರ್ತಾರೆ’ ಅನ್ನೋದು ಸುಲಭದ ಉತ್ತರ. ಮೊದಲೂ ಹೆರುತ್ತಿದ್ದರು, ಹುಟ್ಟಿದ ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ, ಅಷ್ಟೇ. 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು 32ರ ಆಸುಪಾಸು. ಆಮೇಲೆ ಮಲೇರಿಯಾ ಸೊಳ್ಳೆಗೆ ಡಿಡಿಟಿ ಬಂತು, ಸಿಡುಬು ಹೋಯಿತು, ಲಸಿಕೆ ಹಳ್ಳಿಗೂ ಮುಟ್ಟಿತು. ಈಗ ಆಯಸ್ಸು 70ರ ಹತ್ತಿರ. ಸಾವು ಮೊದಲು ಇಳಿಯಿತು, ಹುಟ್ಟು ನಿಧಾನವಾಗಿ ಇಳಿಯಿತು. ಜನ ಹೆಚ್ಚಿದ್ದು ಆ ನಡುವಿನ ಅಂತರದಲ್ಲಿ.

ಸರ್ಕಾರಗಳು ಸುಮ್ಮನಿರಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. 1952ರಲ್ಲಿ ದೇಶದ ಕುಟುಂಬ ಯೋಜನೆ ಶುರುವಾಯಿತು. ತುರ್ತು ಪರಿಸ್ಥಿತಿಯಲ್ಲಂತೂ ಬಲವಂತವೇ: 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಜನ 1977ರ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಮುಂದೆ ಹೆಣ್ಣುಮಕ್ಕಳು ಶಾಲೆಗೆ ಹೋದರು, ಹುಟ್ಟಿದ ಮಗು ಉಳಿಯುತ್ತೆ ಅನ್ನೋ ಧೈರ್ಯ ಬಂತು. ಅಂಥ ಬಲವಂತವಿಲ್ಲದೆಯೇ ಸಂಸಾರ ಚಿಕ್ಕದಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಣ್ಣಿಗೆ ದೇಶದಲ್ಲಿ ಸರಾಸರಿ 2 ಮಕ್ಕಳು, ಕರ್ನಾಟಕದಲ್ಲಿ 1.7.

ಹಾಗಿದ್ರೂ ಜನಸಂಖ್ಯೆ ಏರ್ತಾನೇ ಇದೆಯಲ್ಲ? ಹಿಂದೆ ಹುಟ್ಟಿದ ದೊಡ್ಡ ಗುಂಪು ಈಗ ಅಪ್ಪ-ಅಮ್ಮ ಆಗುವ ವಯಸ್ಸಿನಲ್ಲಿದೆ. ತಲಾ ಇಬ್ಬರೇ ಮಕ್ಕಳಾದರೂ ಒಟ್ಟು ಲೆಕ್ಕ ದೊಡ್ಡದೇ. 2060ರ ದಶಕದಲ್ಲಿ ಸುಮಾರು 170 ಕೋಟಿ ಮುಟ್ಟಿ ಇಳಿಯಬಹುದು ಅನ್ನೋದು ವಿಶ್ವಸಂಸ್ಥೆಯ ಅಂದಾಜು.

ಆ ದೊಡ್ಡ ಗುಂಪು ಯಾವುದು ಗೊತ್ತಾ? ನಾವೇ. 1990ರಲ್ಲಿ ಹುಟ್ಟಿದವರಿಗೆ 2050ಕ್ಕೆ 60 ತುಂಬುತ್ತೆ. 2022ರಲ್ಲಿ ಹತ್ತು ಜನರಲ್ಲಿ ಒಬ್ಬರು 60 ದಾಟಿದವರು. 2050ಕ್ಕೆ ಐವರಲ್ಲಿ ಒಬ್ಬರು. 65 ದಾಟಿದವರ ಪಾಲು ಶೇ. 7ರಿಂದ 14ಕ್ಕೆ ಏರೋದಕ್ಕೆ ಫ್ರಾನ್ಸ್‌ಗೆ 115 ವರ್ಷ ಬೇಕಾಯಿತು. ನಮಗೆ 30 ವರ್ಷವೂ ಹಿಡಿಯಲ್ಲ.

ಫ್ರಾನ್ಸ್‌ಗೆ ಆ ಅವಧಿಯಲ್ಲಿ ಪಿಂಚಣಿ, ಆಸ್ಪತ್ರೆ ಎಲ್ಲ ಕಟ್ಟಿಕೊಳ್ಳೋಕೆ ಸಮಯ ಸಿಕ್ಕಿತ್ತು. ನಮ್ಮಲ್ಲಿ 60ರಿಂದ 79ರ ಬಡ ವೃದ್ಧರಿಗೆ ಕೇಂದ್ರ ಕೊಡುವ ಪಾಲು ಎಷ್ಟೋ ವರ್ಷಗಳಿಂದ ತಿಂಗಳಿಗೆ 200 ರೂಪಾಯಿ. ದುಡಿಯುವವರಲ್ಲಿ ಬಹುಪಾಲು ಮಂದಿಗೆ ಪಿಎಫ್ ಇಲ್ಲ. ನಮ್ಮ ಮನೆಗೆ ಊಟ ತಂದುಕೊಡುವ ಹುಡುಗನಿಗೂ ನಮ್ಮ ಜೊತೆಗೇ ವಯಸ್ಸಾಗುತ್ತೆ. ಅವನ 60ನೇ ವಯಸ್ಸಿಗೆ ಬೇಕಾದ ವ್ಯವಸ್ಥೆಯನ್ನ ಆಗ ಕಟ್ಟೋಕಾಗಲ್ಲ. ಇಷ್ಟೊಂದು ಜನ ದುಡಿಯುತ್ತಿರುವ ಈಗಲೇ ಕಟ್ಟಬೇಕು.