ಪಾಮ್ ಎಣ್ಣೆ ತೋಟಕ್ಕೆ ವಿರೋಧ ಯಾಕೆ? ಗಾಯರಾಣ ಇರುವ ಊರಿನವರು ತಿಳಿದಿರಬೇಕಾದದ್ದು

ಕಲಬುರಗಿಯ ನೆಹರು ಗಂಜ್‌ನಿಂದ ಕಮಲಾಪುರದ ಕಿರಾಣಿ ಅಂಗಡಿಗೆ ಬರುವ ಮಾಲಿನಲ್ಲಿ ಪಾಮ್ ಎಣ್ಣೆ ಇಲ್ಲದ ದಿನವಿಲ್ಲ. ಪಾಕೀಟಿನ ಎಣ್ಣೆ ಒಂದೇ ಅಲ್ಲ, ಬಿಸ್ಕೀಟು, ಸಾಬೂನು, ವನಸ್ಪತಿಯಲ್ಲೂ ಅದೇ. ಮಿರ್ಚಿ ಭಜಿಗೆ ಕುಸುಬಿ ಎಣ್ಣೆ ಹಾಕುವವರನ್ನು ಈಗ ಹುಡುಕಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಪಾಮ್ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ಬಹುಪಾಲು ಬರುವುದು ಇಂಡೋನೇಷ್ಯಾ, ಮಲೇಷ್ಯಾದಿಂದ.

ಆ ದೇಶಗಳಲ್ಲಿ ಈ ತೋಟಗಳ ಜಗಳ ಹಳೆಯದು. ಸರವಾಕ್, ಕಾಲಿಮಂತಾನ್ ಕಡೆ ದಟ್ಟ ಕಾಡು ಕಡಿದು ತಾಳೆ ತೋಟ ಎಬ್ಬಿಸಿದರು. ತಲೆಮಾರುಗಳಿಂದ ಅಲ್ಲೇ ಬದುಕಿದ ದಯಾಕ್ ಜನರ ಕೈಯಲ್ಲಿ ಕಾಗದಪತ್ರ ಇರಲಿಲ್ಲ, ಕಂಪನಿ ಹತ್ತಿರ ಪರವಾನಗಿ ಇತ್ತು. ಜನ ರಸ್ತೆಗೆ ಅಡ್ಡ ನಿಂತರು, ಕೋರ್ಟಿಗೂ ಹೋದರು.

ಆಮದು ತಗ್ಗಿಸಲು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಈಶಾನ್ಯ ರಾಜ್ಯಗಳು, ಅಂಡಮಾನ್‌ಗೆ ಒತ್ತು. ಕಾಡೂ ಸಮುದಾಯದ ಜಮೀನೂ ಹೋಗುತ್ತದೆ ಎಂಬ ಆಕ್ಷೇಪ ಎದ್ದದ್ದೂ ಅಲ್ಲಿಂದಲೇ.

ಕರ್ನಾಟಕದಲ್ಲಿ ಇಂಥದ್ದೇ ಜಗಳ ನಡೆದದ್ದು ತಾಳೆಗಲ್ಲ, ನೀಲಗಿರಿಗೆ. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಲು ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆಗೆ ಕಟ್ಟಿಗೆ ಬೆಳೆಯಲು ಗುರುತಿಸಿದ್ದು ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿ. ದನ ಮೇಯುವುದು, ಸೌದೆ ತರುವುದು ಎಲ್ಲ ಅಲ್ಲಿಯೇ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರು ತಿರುಗಿ ಜನರನ್ನು ಸೇರಿಸಿತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು, ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ (ಕಲಬುರಗಿ ಪಕ್ಕದ ಕುಸನೂರಲ್ಲ) ಜನ ಡೊಳ್ಳು ಬಡಿಯುತ್ತ ಹೋಗಿ ನೀಲಗಿರಿ ಸಸಿ ಕಿತ್ತು, ಹಣ್ಣು–ಮೇವಿನ ಗಿಡ ನೆಟ್ಟರು. ಪೊಲೀಸರು ಹಿಡಿದರು. ‘ಕಿತ್ತಿಕೋ–ಹಚ್ಚಿಕೋ’ ಅಂತ ಹೆಸರಾದದ್ದು ಇದೇ. 1991ರಲ್ಲಿ ಕಂಪನಿಯೇ ಮುಚ್ಚಿತು.

ನಮ್ಮ ಭಾಗದಲ್ಲಿ ಸ್ವಂತ ಹೊಲಕ್ಕೆ ತಾಳೆ ಹಾಕುವುದು ರೈತನ ಇಷ್ಟ. ಆದರೆ ಲೆಕ್ಕ ಹಾಕಿ ಹಾಕಬೇಕು. ಹೆಕ್ಟೇರಿಗೆ 143 ಗಿಡ, ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 200 ಲೀಟರ್ ಆಸುಪಾಸು ನೀರು. ಫಸಲಿಗೆ ಮೂರು–ನಾಲ್ಕು ವರ್ಷ ಕಾಯಬೇಕು, ಕೊಯ್ದ ಗೊನೆ 24 ತಾಸಿನೊಳಗೆ ಮಿಲ್ಲಿಗೆ ಮುಟ್ಟಬೇಕು. ತೊಗರಿ ಮಳೆಗೇ ಬರುತ್ತದೆ, ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಅವನ್ನು ತೆಗೆದು ತಾಳೆ ಹಾಕುವ ಮುಂಚೆ ಬೋರ್‌ವೆಲ್ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾಡು, ಗಾಯರಾಣದ ಮಾತೇ ಬೇರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಭೂಮಿಯಲ್ಲಿ ತಾಳೆ ಬೆಳೆಯುವುದು ‘ಅರಣ್ಯೇತರ ಬಳಕೆ’. ಕೇಂದ್ರದ ಒಪ್ಪಿಗೆ ಇಲ್ಲದೆ ಆಗದು. ಚಿಂಚೋಳಿ ವನ್ಯಜೀವಿ ಧಾಮಕ್ಕಂತೂ ಇನ್ನೂ ಬಿಗಿ ನಿಯಮ. ಗಾಯರಾಣಕ್ಕೆ ರಾಜ್ಯದ ಭೂಕಂದಾಯ ನಿಯಮದಲ್ಲಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಲೆಕ್ಕ. ಯಾರಾದರೂ ಜಾಗ ಅಳೆಯಲು ಬಂದರೆ ಆ ಸರ್ವೇ ನಂಬರಿನ ಪಹಣಿ ತೆಗೆಸಿ ನೋಡಬಹುದು, ನಾಡಕಚೇರಿಯಲ್ಲೇ ಸಿಗುತ್ತದೆ.